ಮಾತಾಡಿಸದ ಅಭ್ಯರ್ಥಿ

ಸೀಟಿಯಮ್ಮನಿಗೆ ಬೀದಿಯಲ್ಲಿ ನಡೆಯುವುದೆಂದರೆ ಜನರನ್ನು ಮಾತಾಡಿಸುವುದು ಎಂದೇ ಅರ್ಥ. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತಳಾದ ಹೆಂಗಸು. ಆ ವಾರ್ಡಿನಲ್ಲಿ ಅವಳ ಕೈಯಿಂದ ಟಿಕೆಟ್ ಹರಿಸಿಕೊಳ್ಳದವರಿಲ್ಲ, ಬೈಸಿಕೊಳ್ಳದವರಂತೂ ಇಲ್ಲವೇ ಇಲ್ಲ. ಒಂದು ಕಾಲದಲ್ಲಿ ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಪಡ್ಡೆಗಳು ಈಗ ಹೊಟ್ಟೆ ಬಂದ ಗೃಹಸ್ಥರಾಗಿದ್ದಾರೆ. ಆದರೂ ಅವಳು ಎದುರಿಗೆ ಬಂದರೆ ತಮಗೇ ಅರಿವಿಲ್ಲದೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಗಂಟಲು ಅಂಥದ್ದು, ಬಸ್ಸಿನಲ್ಲಿ ಊದುತ್ತಿದ್ದ ಸೀಟಿಯೂ ಅಂಥದ್ದೇ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ, ಎಲ್ಲರಿಗೂ ಸೀಟಿಯಮ್ಮ. ಮೂಲೆಯಂಗಡಿಗೆ ಹಾಲು ತರಲು ಹೋದರೆ ಹಾಲು ಒಡೆಯುವ ಹೊತ್ತಿಗೆ ವಾಪಸು ಬರುತ್ತಾಳೆ ಎಂದು ಮಗ ತಮಾಷೆ ಮಾಡುತ್ತಾನೆ. ಸಿಕ್ಕವರ ಮಂಡಿನೋವು, ಮಗಳ ಹೆರಿಗೆ, ಮಹಡಿ ಮನೆಯವರ ನೀರಿನ ಜಗಳ ಎಲ್ಲವನ್ನೂ ವಿಚಾರಿಸದೆ ಹೆಜ್ಜೆ ಮುಂದಿಡುವ ಜಾಯಮಾನವೇ ಅವಳದಲ್ಲ.

ಅಂಥವಳಿಗೆ ಸಿಕ್ಕ ಸೊಸೆಯನ್ನು ನೋಡಬೇಕು! ಮನೆಯೊಳಗೆ ಚಿನ್ನದಂಥ ಹುಡುಗಿ, ನಗುತ್ತಾ ನಗಿಸುತ್ತಾ ಇರುವವಳು. ಹೊಸ್ತಿಲು ದಾಟಿದಳೋ, ಚರಂಡಿಯಲ್ಲಿ ಏನೋ ಬೀಳಿಸಿಕೊಂಡವಳ ಹಾಗೆ ನೆಲ ನೋಡುತ್ತಾ ನಡೆದುಬಿಡುತ್ತಾಳೆ. ಎದುರಿಗೆ ಯಾರೇ ಬರಲಿ, ತಾನಾಗಿ ಮಾತಾಡಿಸಿದವಳಲ್ಲ. ಅವರೇ ನಿಲ್ಲಿಸಿ ಮಾತಾಡಿಸಿದರೆ ಮುಖವೆಲ್ಲ ಅರಳಿ, ಕಾಲು ನೋಯುವವರೆಗೂ ನಿಂತು ಕೇಳುತ್ತಾಳೆ. ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನುವುದಿಲ್ಲ. ಇಂಥವಳು ಈ ಸಲ ನಗರಸಭೆಯ ಚುನಾವಣೆಗೆ ನಿಂತಿದ್ದಾಳೆ ಎಂದರೆ ಏನು ಹೇಳೋಣ! ಚುನಾವಣೆಗೆ ನಿಂತವರು ದೀಪದ ಕಂಬ ಕಂಡರೂ ಕೈ ಕುಲುಕುವ ಹೊತ್ತಿನಲ್ಲಿ, ಮನುಷ್ಯರನ್ನೇ ಮಾತಾಡಿಸದ ಅಭ್ಯರ್ಥಿ.

ಅವಳ ಕೆಲಸದ ಹೆಸರೂ ಅವಳಿಗೆ ಅಡ್ಡ ಬಂತು. ಸಮಾಜ ಕಾರ್ಯಕರ್ತೆ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದರು. ಓದಿದವರದೆಲ್ಲ ಒಂದೇ ಪ್ರಶ್ನೆ.

“ಕಾರ್ಯಕರ್ತೆ ಅಂದ್ರೆ ಯಾವ ಪಕ್ಷದ ಕಾರ್ಯಕರ್ತೆ?”

“ಯಾವ ಪಕ್ಷಾನೂ ಇಲ್ಲ ಕಣಯ್ಯಾ, ಪಕ್ಷೇತರ,” ಎಂದು ಸೀಟಿಯಮ್ಮ ಗಂಟಲು ಹರಿದುಕೊಳ್ಳಬೇಕು.

“ಪಕ್ಷಾನೇ ಇಲ್ಲದ ಕಾರ್ಯಕರ್ತೇನಾ? ಹಾಗಾದ್ರೆ ಬಾವುಟ ಯಾರದ್ದು ಹಿಡೀತಾರೆ?”

ಇದಕ್ಕೆ ಏನೆಂದು ಉತ್ತರ ಕೊಡುವುದು! ಒಂದು ಬೆಳಗ್ಗೆ ಅತ್ತೆ ಸೊಸೆ ಇಬ್ಬರೂ ಹಿಟ್ಟಿನ ಗಿರಣಿಯ ಹಿಂದಿನ ಗಲ್ಲಿಗೆ ಹೋಗಿದ್ದರು. ಟೈಲರಕ್ಕ ಬಾಗಿಲಲ್ಲೇ ಮಿಷನ್ ಹಾಕಿಕೊಂಡು ಹೊಲಿಯುತ್ತಿದ್ದಳು. ಸೊಸೆ ಕರಪತ್ರವನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟು, ಕತ್ತೆತ್ತದೆ, ಮುಂದಿನ ಮನೆಗೆ ನಡೆದಳು. ಮಿಷನ್ ನಿಂತಿತು.

“ಏನು ಸೀಟಿಯಮ್ಮಾ, ನಿಮ್ಮ ಸೊಸೆ ಕಣ್ಣಿಗೆ ನಾವು ಮನುಷ್ಯರ ಥರ ಕಾಣಲ್ವಾ? ವೋಟು ಕೇಳೋಕೆ ಬಂದೋಳು ಮುಖ ಕೊಟ್ಟು ಒಂದು ಮಾತಾಡಬಾರದಾ? ಎಷ್ಟು ಜಂಬ!”

ಸೀಟಿಯಮ್ಮನ ಮೈ ಉರಿದುಹೋಯಿತು, ಆದರೆ ನಿಜ ಹೇಳುವಂತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದಳು. “ಜಂಬ ಅಲ್ಲ ಕಣೇ! ಅವಳಿಗೆ ಪಾಪ, ದೂರದ್ದು ಸರಿಯಾಗಿ ಕಾಣಲ್ಲ.”

ಅಷ್ಟೇ ಸಾಕಾಯಿತು. ಸಂಜೆಯ ಹೊತ್ತಿಗೆ ವಾರ್ಡಿನ ತುಂಬ ಒಂದೇ ಸುದ್ದಿ: ಸೀಟಿಯಮ್ಮನ ಸೊಸೆಗೆ ಕಣ್ಣು ಹೋಗ್ತಾ ಇದೆಯಂತೆ. ಮನೆಗೆ ಬಂದು ಕಣ್ಣಿನ ಡಾಕ್ಟರ ವಿಳಾಸ ಕೊಟ್ಟು ಹೋದವರೇನು, ಕೈ ಹಿಡಿದು ರಸ್ತೆ ದಾಟಿಸಿದವರೇನು! ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೀಟಿಯಮ್ಮನಿಗೆ ನಗು ಬರಲಿಲ್ಲ. ಕರುಣೆಯಿಂದ ವೋಟು ಬಿದ್ದಾವೇ? ಹೆಚ್ಚೆಂದರೆ ಒಂದು ಜೊತೆ ಕನ್ನಡಕ ಸಿಕ್ಕೀತು.

ಈ ಉಸಾಬರಿಗೆಲ್ಲ ಮೂಲ ಹಳೆಯ ಗ್ರಂಥಾಲಯದ ಹಿಂದಿರುವ ಒಂದು ಕೋಣೆ. ಜಾಗ ನಗರಸಭೆಯದು, ನಡೆಸುವುದು ಸೊಸೆ ಕೆಲಸ ಮಾಡುವ ಸಂಸ್ಥೆ. ಗೋಡೆಗೊರಗಿಸಿದ ಒಂದು ಬೆಂಚು, ಮುಖಪುಟ ಕಿತ್ತುಹೋದ ವಾರಪತ್ರಿಕೆಗಳು, ಸದಾ ಬಿಸಿನೀರು ತುಂಬಿರುವ ಒಂದು ಫ್ಲಾಸ್ಕು. ಪರದೆಯ ಆಚೆ ಎರಡು ಕುರ್ಚಿ. ಎದುರುಬದುರಲ್ಲ, ಕೊಂಚ ಓರೆಯಾಗಿ, ಅಳು ಬಂದವರು ಗೋಡೆ ನೋಡಿಕೊಂಡು ಅಳಲಿ ಎಂದು. ಮನೆಯಲ್ಲಿ ಹೊಡೆಸಿಕೊಂಡವರು, ಕುಡಿತ ಬಿಡಲಾಗದವರು, ಕೆಲಸ ಹೋದದ್ದನ್ನು ಹೆಂಡತಿಗೆ ಹೇಳಲಾಗದವರು, ಬದುಕೇ ಬೇಡವಾದವರು ಅಲ್ಲಿಗೆ ಬರುತ್ತಾರೆ. ಬಾಗಿಲು ಹಿಂದಿನ ಓಣಿಗೆ ತೆರೆಯುತ್ತದೆ. ಬಂದದ್ದು ಹೋದದ್ದು ಯಾರಿಗೂ ಕಾಣಿಸಬಾರದು.

ಆ ಕೋಣೆ ಕೆಡವಿ ಸ್ಕೂಟರ್ ನಿಲ್ಲಿಸುವ ಜಾಗ ಮಾಡಬೇಕೆಂದು ನಗರಸಭೆಯಲ್ಲಿ ಮಾತು ಶುರುವಾಗಿತ್ತು. ಸೊಸೆ ವಾರ್ಡಿನ ಸದಸ್ಯರನ್ನು ಹೋಗಿ ಕಂಡಳು. ಇವರಿಗೆ ಜನ ಇಟ್ಟ ಹೆಸರು ಚೆನ್ನಾಗಿದ್ದೀರಾ ಸಾಹೇಬರು. ಕಂಡವರನ್ನೆಲ್ಲ “ಚೆನ್ನಾಗಿದ್ದೀರಾ?” ಎಂದು ಕೇಳುತ್ತಾರೆ, ಉತ್ತರ ಬರುವಷ್ಟರಲ್ಲಿ ಮೂರನೇ ಮನೆಯ ಮುಂದೆ ಇರುತ್ತಾರೆ. ಕೆಟ್ಟವರೇನಲ್ಲ. ಕೂರಿಸಿ, ಟೀ ಕೊಟ್ಟು, ನಗುತ್ತಲೇ ಹೇಳಿದರು.

“ನಾನು ದಿನಾ ಆ ದಾರೀಲೇ ಓಡಾಡ್ತೀನಮ್ಮಾ. ಒಂದು ನರಪಿಳ್ಳೆ ಒಳಗೆ ಹೋಗಿದ್ದು ನೋಡಿಲ್ಲ.”

“ಕಾಣಬಾರದು ಅಂತಾನೇ ಬಾಗಿಲು ಹಿಂದಕ್ಕಿರೋದು ಸಾರ್.”

“ಕಾಣದೇ ಇರೋರಿಗೋಸ್ಕರ ಕೋಣೆ ಉಳಿಸಿ ಅಂದ್ರೆ ಸಭೇಲಿ ಎಲ್ಲರೂ ನನ್ನ ಮುಖಕ್ಕೇ ನಗ್ತಾರೆ. ಯಾರಾದ್ರೂ ಬಂದು ಹೇಳಲಿ, ನಮಗೆ ಬೇಕು ಅಂತ. ಆಮೇಲೆ ನೋಡೋಣ.”

ಬಂದು ಹೇಳುವಂತಿದ್ದರೆ ಅವರು ಹಿಂಬಾಗಿಲಿಂದ ಯಾಕೆ ಬರುತ್ತಿದ್ದರು? ಸೊಸೆ ಸಂಸ್ಥೆಯಿಂದ ರಜೆ ಪಡೆದು, ಸಾಹೇಬರ ಎದುರು ತಾನೇ ನಾಮಪತ್ರ ಹಾಕಿದಳು. ಗೆದ್ದರೆ ಕೋಣೆ ಉಳಿಯುತ್ತದೆ. ಸೋತರೆ ಅಲ್ಲಿ ಸ್ಕೂಟರು ನಿಲ್ಲುತ್ತವೆ.

ಕಣ್ಣಿನ ಕಥೆ ಆದ ದಿನ ಮನೆಯಲ್ಲಿ ಪಂಚಾಯಿತಿ ಸೇರಿತು. ಮಗನೇ ಶುರು ಮಾಡಿದ. ಹೆಂಡತಿಯ ಚುನಾವಣೆಗೆ ಓಡಾಡಿ ಅವನ ಚಪ್ಪಲಿ ಸವೆದಿತ್ತು, ತಾಳ್ಮೆ ಅದಕ್ಕಿಂತ ಮೊದಲೇ ಸವೆದಿತ್ತು.

“ಒಂದು ಸಲ ತಲೆ ಎತ್ತಿ ನಕ್ಕುಬಿಡು ಮಾರಾಯ್ತಿ! ನಕ್ಕರೆ ನಿನ್ನ ಗಂಟೇನು ಹೋಗುತ್ತೆ?”

“ನನ್ನದೇನೂ ಹೋಗಲ್ಲ,” ಎಂದಳು ಸೊಸೆ. “ಅವರದ್ದು ಹೋಗುತ್ತೆ. ನಾನು ದಾರೀಲಿ ಒಬ್ಬರನ್ನ ಮಾತಾಡಿಸ್ತೀನಿ ಅಂತಿಟ್ಕೋ. ಅವರ ಜೊತೆ ಇದ್ದ ಗಂಡನೋ ನಾದಿನಿಯೋ ಕೇಳಲ್ವಾ, ಇವಳು ನಿನಗೆ ಹೇಗೆ ಪರಿಚಯ ಅಂತ? ಅವತ್ತೇ ಅವರ ಮನೇಲಿ ರಣರಂಗ. ನಮ್ಮ ಕೆಲಸದಲ್ಲಿ ಸೇರಿದ ದಿನಾನೇ ಕಲಿಸೋ ಮಾತಿದು. ಬೀದೀಲಿ ನಾವು ಮೊದಲು ಮಾತಾಡಿಸಬಾರದು. ಅವರಾಗಿ ಮಾತಾಡಿಸಿದರೆ ಮಾತ್ರ.”

“ಸರಿ, ನಿನ್ನ ಹತ್ರ ಬಂದೋರನ್ನ ಬಿಡು. ಬರದೇ ಇರೋರನ್ನ ಮಾತಾಡಿಸು!”

“ಆಗ ನಾನು ಮಾತಾಡಿಸದೆ ಬಿಟ್ಟೋರು ಯಾರು ಯಾರು ಅಂತ ಜನ ಲೆಕ್ಕ ಹಾಕಲ್ವಾ?”

ಮಗ ಕೈಯಲ್ಲಿದ್ದ ಕರಪತ್ರದ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದ.

“ಇನ್ನೊಂದು ವಿಷಯ,” ಎಂದಳು ಅವಳು, ಸ್ವಲ್ಪ ಮೆತ್ತಗೆ. “ಆ ಕೋಣೆಗೆ ಬಂದೋರ ಹತ್ರ ನಾನು ವೋಟು ಕೇಳಲ್ಲ. ನನಗೆ ಇಲ್ಲ ಅನ್ನೋಕೆ ಅವರಿಗೆ ಬಾಯಿ ಬರಲ್ಲ. ಇಲ್ಲ ಅನ್ನೋಕಾಗದವರ ಹತ್ರ ಕೇಳೋದು ಕೇಳಿದ ಹಾಗಲ್ಲ, ಕಿತ್ತುಕೊಂಡ ಹಾಗೆ.”

“ನನ್ನ ಹತ್ರ ಮಾತ್ರ ದಿನಾ ಕೇಳ್ತೀಯ,” ಎಂದು ಗಂಡ ಗೊಣಗಿದ.

“ನೀನು ದಿನಾ ಇಲ್ಲ ಅಂತೀಯಲ್ಲ, ಅದಕ್ಕೇ.”

ಮಗ ನಕ್ಕ. ಸೀಟಿಯಮ್ಮ ನಗಲಿಲ್ಲ. ಅವಳಿಗೆ ಆಗ ಹೊಳೆಯಿತು: ಸೊಸೆ ಗಂಡನ ಹತ್ತಿರ ವೋಟು ಕೇಳಿದ್ದಾಳೆ, ಪಕ್ಕದ ಮನೆಯ ಅಜ್ಜಿಯ ಹತ್ತಿರವೂ ಕೇಳಿದ್ದಾಳೆ, ಹಗಲೆಲ್ಲ ಜೊತೆಗೆ ಬಿಸಿಲಲ್ಲಿ ಸುತ್ತುವ ಅತ್ತೆಯ ಹತ್ತಿರ ಒಂದು ದಿನವೂ ಕೇಳಿಲ್ಲ. ಯಾಕೆ ಎಂದು ಆ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಮಗನಿಗೆ ಗೊತ್ತಿರಲಿಲ್ಲ.

ಬಹಳ ವರ್ಷಗಳ ಹಿಂದಿನ ಮಾತು. ಮಗ ಇನ್ನೂ ಕಾಲೇಜಿನಲ್ಲಿದ್ದ. ಒಂದು ಸಂಜೆ ಕಿಕ್ಕಿರಿದ ಬಸ್ಸಿನಲ್ಲಿ ಅವಳು ಸೀಟಿ ಊದಿದಳು, ಬಸ್ಸು ಹೊರಟಿತು, ಮೆಟ್ಟಿಲ ಮೇಲಿದ್ದ ವಯಸ್ಸಾದವರೊಬ್ಬರು ರಸ್ತೆಗೆ ಬಿದ್ದರು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ವಿಚಾರಣೆಯಾಯಿತು. ಅವರು ಒಮ್ಮೆ ಇಳಿದು, ಬಿಟ್ಟುಬಂದ ಕೊಡೆಗಾಗಿ ಮತ್ತೆ ಹತ್ತಿದ್ದರು, ಕಂಡಕ್ಟರದು ತಪ್ಪಿಲ್ಲ ಎಂದು ತೀರ್ಮಾನವೂ ಆಯಿತು. ತೀರ್ಮಾನ ಮಾಡಿದವರು ಮಾಡಿದರು. ಸೀಟಿಯಮ್ಮನಿಗೆ ಸೀಟಿ ಊದುವುದೇ ಆಗದೆ ಹೋಯಿತು. ತುಟಿಗಿಟ್ಟರೆ ಉಸಿರು ಹೊರಡದು, ಕೈಕಾಲು ತಣ್ಣಗಾಗುವುದು. ಬೆನ್ನುನೋವು ಎಂದು ಡಿಪೋಗೆ ರಜೆ ಬರೆದಳು. ಮನೆಯಲ್ಲಿ ಹೇಳಲಿಲ್ಲ. ಇಡೀ ಬೀದಿಯಲ್ಲಿ ಗಟ್ಟಿಗಿತ್ತಿ ಎನಿಸಿಕೊಂಡವಳು, ಹೆದರಿದ್ದೇನೆ ಎಂದು ಯಾವ ಬಾಯಿಂದ ಹೇಳಬೇಕು? ದಿನಾ ಬೆಳಗ್ಗೆ ಯೂನಿಫಾರಂ ತೊಟ್ಟು, ಮಗ ಕಟ್ಟಿಕೊಟ್ಟ ಡಬ್ಬಿ ತೆಗೆದುಕೊಂಡು ಹೊರಡುತ್ತಿದ್ದಳು. ಪಾರ್ಕಿನಲ್ಲಿ ಕೂತು ಸಂಜೆ ವಾಪಸು ಬರುತ್ತಿದ್ದಳು.

ಒಂದು ದಿನ ಮಳೆ ಬಂದು, ಓಡಿಹೋಗಿ ನಿಂತದ್ದು ಆ ಹಿಂಬಾಗಿಲ ಸೂರಿನ ಕೆಳಗೆ. ಒಳಗಿನಿಂದ ಒಬ್ಬ ಹುಡುಗಿ ಹೊರಗೆ ಬಂದು, “ಒಳಗೆ ಬನ್ನಿ, ಬೆಂಚು ಖಾಲಿ ಇದೆ” ಎಂದಳು. ಯಾಕೆ ಏನು ಎಂದು ಕೇಳಲಿಲ್ಲ. ಸೀಟಿಯಮ್ಮ ಆ ದಿನ ಸುಮ್ಮನೆ ಕೂತು ಬಂದಳು. ಮಾರನೇ ದಿನವೂ ಹೋದಳು. ವಾರ ಕಳೆದ ಮೇಲೆ ತಾನಾಗಿಯೇ ಬಾಯಿ ಬಿಟ್ಟಳು, ಬಿಟ್ಟ ಮೇಲೆ ತಡೆಯಲಾಗಲಿಲ್ಲ, ಬಿದ್ದವರು ರಾತ್ರಿ ಕನಸಿಗೆ ಬರುವುದನ್ನೂ ಹೇಳಿಬಿಟ್ಟಳು. ಆ ಹುಡುಗಿ ಅವಳಿಗೆ ಬುದ್ಧಿ ಹೇಳಲಿಲ್ಲ. ಅವಳ ಜೊತೆ ಡಿಪೋಗೆ ಹೋಗಿ, ನಿಂತ ಬಸ್ಸಿನಲ್ಲಿ ಪಕ್ಕ ಕೂತಳು. ರಜೆ ಮುಗಿದು ಡ್ಯೂಟಿಗೆ ಹೋದಾಗ ಅದೇ ಬಸ್ಸು ಹತ್ತಿ, “ಕೊನೇ ಸ್ಟಾಪು, ಒಂದು” ಎಂದು ಗುರುತಿಲ್ಲದವಳ ಹಾಗೆ ಟಿಕೆಟ್ ತೆಗೆದುಕೊಂಡು ಕಿಟಕಿಯಾಚೆ ನೋಡುತ್ತಾ ಕೂತಳು. ಸೀಟಿಯಮ್ಮ ಗಂಟಲು ಕೆಟ್ಟಿದೆ ಎಂದು ಡ್ರೈವರಿಗೆ ಸುಳ್ಳು ಹೇಳಿ, ಸೀಟಿಯ ಬದಲು ಬಸ್ಸಿನ ತಗಡು ಬಡಿದು ಬಡಿದು ಅಂಗೈ ಕೆಂಪಾಗಿಸಿಕೊಂಡಿದ್ದಳು. ಕೊನೆಗೊಂದು ದಿನ ಮಾರ್ಕೆಟ್ ಸ್ಟಾಪಿನಲ್ಲಿ, ಬಾಗಿಲಲ್ಲಿ ಯಾರೂ ಇಲ್ಲವೆಂದು ಮತ್ತೆ ಮತ್ತೆ ನೋಡಿ, ಊದಿಯೇಬಿಟ್ಟಳು. ಕಿಟಕಿಯ ಪಕ್ಕದ ಹುಡುಗಿ ತಿರುಗಿಯೂ ನೋಡಲಿಲ್ಲ, ಕರವಸ್ತ್ರದಿಂದ ಮೂಗೊರಸಿಕೊಂಡಳು ಅಷ್ಟೇ. ನಿವೃತ್ತಿಯ ದಿನ ಹಾಕಿಸಿಕೊಂಡ ಹಾರ, ಇವತ್ತಿನ ಪಿಂಚಣಿ, ಬೀದಿಯಲ್ಲಿರುವ ಈ ಗತ್ತು, ಎಲ್ಲವೂ ಆ ಹುಡುಗಿ ಉಳಿಸಿಕೊಟ್ಟದ್ದು ಎಂದು ಸೀಟಿಯಮ್ಮ ಆ ದಿನದಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಂದಿದ್ದಳು.

ಆಮೇಲೆ ಕೆಲವು ವರ್ಷ ಕಳೆದು, “ಅಮ್ಮಾ, ಒಬ್ಬಳು ಹುಡುಗಿ ಇದ್ದಾಳೆ, ನಿನಗೆ ತೋರಿಸಬೇಕು” ಎಂದು ಮಗ ನಾಚಿಕೊಂಡು ಕರೆದುಕೊಂಡು ಬಂದ. ಬಾಗಿಲು ತೆರೆದ ಸೀಟಿಯಮ್ಮನ ಎದೆ ಧಸಕ್ಕೆಂದಿತು. ಅದೇ ಹುಡುಗಿ! ಅವಳ ಮುಖವೂ ಬಿಳಿಚಿಕೊಂಡಿತ್ತು. ಆದರೆ ಬಾಯಿ ಬಿಡಲಿಲ್ಲ, ಇವಳನ್ನೇ ನೋಡುತ್ತಾ ಕಾದಳು. ಸೀಟಿಯಮ್ಮ ತಡವರಿಸಿ, “ಬಾಮ್ಮಾ, ನಿನ್ನ ಹೆಸರೇನು?” ಎಂದಳು. ಹುಡುಗಿ ಮೊದಲ ಸಲ ಹೇಳುವವಳ ಹಾಗೆ ಹೆಸರು ಹೇಳಿದಳು. ಅಲ್ಲಿಗೆ ಮುಗಿಯಿತು. ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಇಬ್ಬರೂ ಒಟ್ಟಿಗೆ ಬೇಯಿಸಿದ್ದಾರೆ, ಉಂಡಿದ್ದಾರೆ, ಜಗಳವಾಡಿದ್ದಾರೆ. ಆ ವಿಷಯ ಮಾತ್ರ ಇಬ್ಬರ ನಾಲಿಗೆಯ ಮೇಲೂ ಬಂದಿಲ್ಲ.

ಮತದಾನಕ್ಕೆ ಮುಂಚಿನ ವಾರ, ಶಾಲೆಯ ಸಭಾಂಗಣದಲ್ಲಿ ಅಭ್ಯರ್ಥಿಗಳನ್ನೆಲ್ಲ ಒಂದೇ ವೇದಿಕೆಗೆ ಕರೆದು ಜನ ಪ್ರಶ್ನೆ ಕೇಳುವ ಸಭೆ ಇತ್ತು. ಮಕ್ಕಳ ಪುಟ್ಟ ಬೆಂಚುಗಳಲ್ಲಿ ದೊಡ್ಡವರು ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಚೆನ್ನಾಗಿದ್ದೀರಾ ಸಾಹೇಬರು ಎಲ್ಲರನ್ನೂ ವಿಚಾರಿಸಿಕೊಂಡು ವೇದಿಕೆ ಹತ್ತುವಷ್ಟರಲ್ಲೇ ಅರ್ಧ ಸಭೆ ಅವರದಾಗಿತ್ತು. ಸೊಸೆ ಒಂದು ಮೂಲೆಯ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದಳು.

ಟೈಲರಕ್ಕನೇ ಎದ್ದು ಕೇಳಿದಳು, ಗ್ರಂಥಾಲಯದ ಹಿಂದಿನ ಕೋಣೆ ಏನು ಮಾಡ್ತೀರಿ ಎಂದು. ಸಾಹೇಬರು ಮೈಕು ಹಿಡಿದು ಪ್ರೀತಿಯಿಂದಲೇ ಹೇಳಿದರು. “ನನಗೇನು ಆ ಕೋಣೆ ಮೇಲೆ ಹಗೆ ಇದೆಯಾ? ಇಷ್ಟು ಜನ ಸೇರಿದ್ದೀರಿ. ಅದರಿಂದ ಉಪಯೋಗ ಆದೋರು ಒಬ್ಬರು, ಒಬ್ಬರೇ ಒಬ್ಬರು, ಎದ್ದು ನಿಂತು ಹೇಳಲಿ. ನಾನು ಕೇಳ್ತೀನಿ.”

ಯಾರೂ ಏಳಲಿಲ್ಲ. ಸೀಟಿಯಮ್ಮ ಸುತ್ತ ಕಣ್ಣಾಡಿಸಿದಳು. ಒಂದು ಸಲ ಟಿಕೆಟ್ ಕೊಟ್ಟ ಮುಖ ಮರೆಯುವವಳಲ್ಲ. ಬೆಂಚಿನ ಮೇಲೆ ವಾರಪತ್ರಿಕೆಯ ಹಿಂದೆ ಬಚ್ಚಿಟ್ಟುಕೊಂಡ ಮುಖಗಳನ್ನು ಮರೆತಾಳೇ? ಕಿಟಕಿಯ ಬಳಿ ಒಬ್ಬರು, ಕಂಬದ ಹಿಂದೆ ಒಬ್ಬರು, ಸಾಹೇಬರಿಗೆ ಚಪ್ಪಾಳೆ ತಟ್ಟುತ್ತಿದ್ದವರಲ್ಲೇ ಒಬ್ಬರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಬೆರಳು ತೋರಿಸಿ ಹೆಸರು ಹೇಳಿಬಿಟ್ಟರೆ ಚುನಾವಣೆ ಗೆದ್ದ ಹಾಗೆಯೇ. ಅವಳ ನಾಲಿಗೆ ತುರಿಸಿತು ಕೂಡ.

ಅಷ್ಟರಲ್ಲಿ ಸೊಸೆ ಎದ್ದು ಮೈಕಿನ ಹತ್ತಿರ ಬಂದಳು. “ಯಾರೂ ಎದ್ದು ನಿಲ್ಲಬೇಕಾಗಿಲ್ಲ. ದಯವಿಟ್ಟು ಯಾರೂ ನಿಲ್ಲಬೇಡಿ. ವೋಟು ಸಿಗದಿದ್ರೂ ಪರವಾಗಿಲ್ಲ.” ಅಷ್ಟು ಹೇಳಿ ಹೋಗಿ ಕೂತುಬಿಟ್ಟಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮಗ ತಲೆ ಮೇಲೆ ಕೈ ಹೊತ್ತುಕೊಂಡ.

ಆ ನಗು ಸೀಟಿಯಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ನನ್ನ ಗುಟ್ಟು ಕಾಯೋಕೆ ಈ ಹುಡುಗಿ ಇಷ್ಟು ಜನರ ಮುಂದೆ ನಗೆಪಾಟಲಾಗಬೇಕಾ? ಯೋಚನೆ ಮುಗಿಯುವ ಮೊದಲೇ ಎದ್ದು ನಿಂತಿದ್ದಳು. ನಕ್ಕವನು ಬಾಯಿ ಮುಚ್ಚಿದ. ಬೈಗುಳ ಬರುತ್ತದೆಂದು ಎಲ್ಲರೂ ತಲೆ ತಗ್ಗಿಸಿದರು.

“ನಾನು ಹೋಗಿದ್ದೆ,” ಎಂದಳು.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಮಗ ಅವಳ ತೋಳು ಹಿಡಿದು ಕೂರಿಸಲು ನೋಡಿದ. ಅವಳು ಕೊಡವಿಕೊಂಡಳು.

“ಬಿಡೋ. ಸಾಹೇಬ್ರೇ, ನೀವು ಕೇಳಿದ್ರಲ್ಲ, ಒಬ್ಬರು ಹೇಳಲಿ ಅಂತ. ಆ ಹಿಂಬಾಗಿಲಿಂದ ನಾನು ಹೋಗಿದ್ದೆ. ನನ್ನ ಬಸ್ಸಿಂದ ಒಬ್ಬರು ಬಿದ್ದು ಸತ್ತಿದ್ರು, ನಿಮಗೆಲ್ಲ ಗೊತ್ತು. ನನ್ನ ತಪ್ಪಿಲ್ಲ ಅಂತ ಆಯ್ತು, ಅದೂ ಗೊತ್ತು. ಆಮೇಲೆ ನನಗೆ ಸೀಟಿ ಊದೋಕಾಗ್ಲಿಲ್ಲ, ಅದು ಯಾರಿಗೂ ಗೊತ್ತಿಲ್ಲ. ದಿನಾ ಯೂನಿಫಾರಂ ಹಾಕ್ಕೊಂಡು ಹೋಗಿ ಪಾರ್ಕಲ್ಲಿ ಕೂತು ಬರ್ತಿದ್ದೆ. ಬೆಳೆದ ಮಗನಿಗೂ ಹೇಳಲಿಲ್ಲ. ಒಂದೊಂದು ದಿನ, ಬಸ್ಸಿನ ಕೆಳಗೆ ನಾನೇ ಬಿದ್ದುಬಿಡಲಾ ಅಂತ ಅನ್ನಿಸ್ತಿತ್ತು. ನನ್ನ ಕೈ ಹಿಡಿದು ಮತ್ತೆ ಬಸ್ ಹತ್ತಿಸಿದ್ದು ಆ ಕೋಣೆ. ಅಲ್ಲಿ ಕೂತಿದ್ದ ಹುಡುಗಿ ಮುಂದೆ ನನ್ನ ಸೊಸೆ ಆದ್ಲು. ಇವತ್ತಿನವರೆಗೂ, ತನ್ನ ಗಂಡನಿಗೂ, ಒಂದು ಸೊಲ್ಲು ಎತ್ತಿಲ್ಲ. ಜಂಬ ಅಂತೀರಲ್ಲ! ನಿಮ್ಮ ನಿಮ್ಮ ಮಾನ ಕಾಯೋಕೆ ಅವಳು ನೆಲ ನೋಡ್ಕೊಂಡು ಓಡಾಡ್ತಾಳೆ. ನನಗೆ ಹೇಳೋಕೆ ಇನ್ನೇನೂ ಇಲ್ಲ. ನಾನು ಬದುಕಿರೋದು ಅವಳಿಂದ. ಅದನ್ನ ಒಂದು ದಿನಾನೂ ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ, ಇವತ್ತು ಹೇಳ್ತಿದ್ದೀನಿ.”

ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. ಮೊದಲು ಚಪ್ಪಾಳೆ ತಟ್ಟಿದವಳು ಟೈಲರಕ್ಕ. ಆಮೇಲೆ ಸಭಾಂಗಣವೇ ಎದ್ದು ನಿಂತಿತು. ಗೆದ್ದೆವು ಎಂದುಕೊಂಡಳು ಸೀಟಿಯಮ್ಮ.

ಆದರೆ ಸಾಹೇಬರು ನಿನ್ನೆ ಮೊನ್ನೆ ರಾಜಕೀಯಕ್ಕೆ ಬಂದವರೇ? ಚಪ್ಪಾಳೆ ನಿಲ್ಲುವ ಮೊದಲೇ ಮೈಕು ಹಿಡಿದರು. ಅವರ ಕಣ್ಣಲ್ಲೂ ನೀರಿತ್ತು, ನಿಜವಾದ ನೀರೇ. “ಸೀಟಿಯಮ್ಮ ಹೇಳಿದ ಮೇಲೆ ಮುಗೀತು! ನನಗೆ ತಿಳೀದೆ ಮಾತಾಡಿದೆ, ತಪ್ಪಾಯ್ತು. ಆ ಕೋಣೆ ಎಲ್ಲಿಗೂ ಹೋಗಲ್ಲ. ಮೊದಲನೇ ಸಭೇಲೇ ನಾನು ಮಾಡಿಸೋ ಕೆಲಸ ಅದು. ನಿಮ್ಮೆಲ್ಲರ ಎದುರು ಮಾತು ಕೊಟ್ಟಿದ್ದೀನಿ.” ಈ ಸಲ ಚಪ್ಪಾಳೆ ಛಾವಣಿಗೆ ತಾಗಿತು. ಸೀಟಿಯಮ್ಮ ಕಣ್ಣು ಕಣ್ಣು ಬಿಟ್ಟಳು. ಕೋಣೆ ಉಳಿಯುವುದಾದರೆ ಇನ್ನು ಸೊಸೆಗೆ ವೋಟು ಯಾಕೆ ಹಾಕಬೇಕು? ಅಯ್ಯೋ ದೇವರೇ, ಬಾಯಿ ಬಿಟ್ಟು ಸೊಸೆಯ ಚುನಾವಣೆಯನ್ನು ತಾನೇ ಎತ್ತಿ ಅವರ ಕೈಗೆ ಕೊಟ್ಟಿದ್ದಳು.

ಮನೆಗೆ ನಡೆಯುವಾಗ ಮಗ ಅವಳ ಕೈ ಬಿಡಲಿಲ್ಲ. ಮೂಲೆಯಂಗಡಿ ದಾಟಿದ ಮೇಲೆ ಕೇಳಿದ, “ಅಮ್ಮಾ, ಆಗ ನಾನು ಡಬ್ಬಿ ಕಟ್ಟಿಕೊಡ್ತಿದ್ನಲ್ಲ...”

“ಪಾರ್ಕಲ್ಲೇ ತಿಂತಿದ್ದೆ ಕಣೋ. ಒಂದು ಅಗುಳೂ ಬಿಡ್ತಿರಲಿಲ್ಲ. ಉಪ್ಪು ಮಾತ್ರ ಯಾವಾಗ್ಲೂ ಜಾಸ್ತಿ.”

ಅವನು ನಗಲು ಹೋಗಿ ಅತ್ತುಬಿಟ್ಟ. ಸೊಸೆ ಇಬ್ಬರಿಗಿಂತ ಸ್ವಲ್ಪ ಹಿಂದೆ ಬರುತ್ತಿದ್ದಳು.

ಮರುದಿನ ಎಂದಿನ ಹಾಗೆಯೇ ಇದ್ದಳು. ಊಟ ಬಡಿಸಿದಳು, ಮಾತ್ರೆ ನೆನಪಿಸಿದಳು, ನಕ್ಕಳು. ಆ ವಿಷಯ ಮಾತ್ರ ಎತ್ತಲಿಲ್ಲ. ಮತದಾನದ ದಿನ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದ ಅತ್ತೆಯನ್ನು ಯಾರಿಗೆ ಹಾಕಿದಿರಿ ಎಂದು ಕೇಳಲೂ ಇಲ್ಲ. ಎಣಿಕೆಯಾಯಿತು. ಸೀಟಿಯಮ್ಮ ಹೆದರಿದ ಹಾಗೆಯೇ ಆಯಿತು, ಸಾಹೇಬರು ಗೆದ್ದರು. ಸೊಸೆಗೆ ಯಾರೂ ನಿರೀಕ್ಷಿಸದಷ್ಟು ವೋಟು ಬಿದ್ದಿದ್ದವು, ಸಾಲದಾದವು. ಸಾಹೇಬರ ಮಾತು ಹುಸಿಯಾಗಲಿಲ್ಲ. ಮೊದಲ ಸಭೆಯಲ್ಲೇ ಕೋಣೆ ಉಳಿಯಿತು. ಸ್ಕೂಟರುಗಳಿಗೆ ಬೇರೆ ಜಾಗ ಸಿಕ್ಕಿತು. ಸೊಸೆ ರಜೆ ಮುಗಿಸಿ ತನ್ನ ಓರೆ ಕುರ್ಚಿಗೆ ವಾಪಸು ಹೋದಳು.

ಆ ಸಂಜೆ ಅಡುಗೆಮನೆಯಲ್ಲಿ ಇಬ್ಬರೇ ಇದ್ದರು. ಸೊಸೆ ಒಲೆಯ ಮುಂದೆ, ಅತ್ತೆ ಪಾತ್ರೆಯ ಮುಂದೆ. ಸೀಟಿಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

“ಬೈದಾದ್ರೂ ಬಿಡೇ! ಇಷ್ಟು ದಿನದಿಂದ ಉಸಿರು ಬಿಗಿಹಿಡ್ಕೊಂಡು ಕೂತಿದ್ದೀಯ. ನನ್ನಿಂದ ಸೋತೆ, ಗೊತ್ತು. ನಾನು ಬಾಯಿ ಮುಚ್ಕೊಂಡಿದ್ದಿದ್ರೆ ನೀನು ಗೆಲ್ತಿದ್ದೆ.”

ಸೊಸೆ ಸೌಟು ಹಿಡಿದೇ ತಿರುಗಿದಳು. “ಬೈಯೋದಾ? ಅತ್ತೆ, ನಾನು ನಿಂತಿದ್ದೇ ಆ ಬಾಗಿಲು ಮುಚ್ಚಬಾರದು ಅಂತ. ಮುಚ್ಚಲಿಲ್ಲ. ನೀವು ಉಳಿಸಿದ್ರಿ. ಮೆಂಬರಾಗಿದ್ರೆ ದಿನಾ ಬೀದೀಲಿ ಎಲ್ಲರನ್ನೂ ಮಾತಾಡಿಸಬೇಕಿತ್ತು, ಸತ್ತೇಹೋಗ್ತಿದ್ದೆ.”

“ಮತ್ತೆ ಯಾಕೆ ಆ ದಿನದಿಂದ ಒಂದು ಮಾತೂ ಇಲ್ಲ?”

“ಚುನಾವಣೆ ಮುಗೀಲಿ ಅಂತಿದ್ದೆ. ಮೊದಲೇ ಏನಾದ್ರೂ ಅಂದಿದ್ರೆ, ವೋಟಿಗೋಸ್ಕರ ಅಂದ ಹಾಗಾಗ್ತಿತ್ತು. ಆಮೇಲೆ... ಹೇಗೆ ಶುರು ಮಾಡೋದು ಅಂತ ಗೊತ್ತಾಗ್ಲಿಲ್ಲ.” ಅವಳು ಸೌಟು ಕೆಳಗಿಟ್ಟಳು. “ನಾನಾಗಿ ಎತ್ತೋ ಹಾಗಿರಲಿಲ್ಲ ಅತ್ತೆ. ಈ ಮನೆಗೆ ಬಂದಾಗಿಂದ ಕಾಯ್ತಿದ್ದೆ. ನೀವು ಬೆಳಗ್ಗೆ ಕೆಂಪು ಕಣ್ಣು ಮಾಡ್ಕೊಂಡು ಎದ್ದು ಬಂದಾಗೆಲ್ಲ, ಕೇಳಲಾ ಅಂತ ಬಾಯಿ ತನಕ ಬರ್ತಿತ್ತು. ನುಂಗ್ಕೊಂಡು ಟೀ ಕೊಡ್ತಿದ್ದೆ. ಈಗ ಕೇಳಬಹುದಾ?”

“ಏನಮ್ಮಾ?”

“ಆ ಕೊಡೆಯವರು ಈಗಲೂ ಕನಸಲ್ಲಿ ಬರ್ತಾರಾ?”

ಸೀಟಿಯಮ್ಮನ ಕೈಯಲ್ಲಿದ್ದ ತಟ್ಟೆ ನೀರಿನಲ್ಲಿ ಜಾರಿತು. ಸಕ್ಕರೆ ಕಾಯಿಲೆ ಹೇಗಿದೆ, ಮಂಡಿ ಹೇಗಿದೆ ಎಂದು ಊರೆಲ್ಲ ಕೇಳುತ್ತದೆ. ಈ ಒಂದು ಮಾತನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಕೇಳಬೇಕಾದವಳು ಒಂದು ಗೋಡೆಯ ಆಚೆ ಮಲಗಿ, ತಾನು ಹೇಳಲೆಂದು ಕಾಯುತ್ತಾ ಇದ್ದಳು.

“ಬರ್ತಾರೆ ಮಗಳೇ,” ಎಂದಳು. “ನಿನ್ನೇನೂ ಬಂದಿದ್ರು.”

ಸೊಸೆ ಒಲೆ ಆರಿಸಿ, ಎರಡು ಮಣೆಯನ್ನು ಕೊಂಚ ಓರೆಯಾಗಿ ಎಳೆದು, ಅತ್ತೆಯನ್ನು ಕೂರಿಸಿ ಪಕ್ಕದಲ್ಲಿ ಕೂತಳು.